ಸುಣ್ಣದ ಡೋರ್ಕಸ್ ತೋರಿಸಿದ ಮೋಟು ಹವಳ

ನನ್ನ ಅತ್ತೆ ಡೋರ್ಕಸ್ ಮೂವತ್ತು ವರ್ಷ ಹವಳ ಸುಟ್ಟು ಸುಣ್ಣ ಮಾಡಿದವರು. ನಮ್ಮ ಲಾಂಗಾ ಲಾಂಗಾ ಹಿನ್ನೀರಿನ ದ್ವೀಪಗಳಲ್ಲಿ ಅಡಿಕೆ ಜಗಿಯುವವರಿಗೆಲ್ಲ ಅವರ ಸುಣ್ಣ ಗೊತ್ತು. ಇಳಿತದ ಹೊತ್ತಿಗೆ ದೋಣಿಯಲ್ಲಿ ಹೋಗಿ ಕೊಂಬೆ ಹವಳ ಮುರಿದು ತರುವರು, ಒಣಗಿಸುವರು, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಮರದ ಸೌದೆಯ ಮೇಲೆ ಪೇರಿಸಿ ಸುಡುವರು, ಪುಡಿಯನ್ನು ಔಕಿ ಸಂತೆಗೆ ಒಯ್ಯುವರು. ಮಾವ ತೀರಿಕೊಂಡ ಮೇಲೆ ನನ್ನ ಗಂಡನೂ ಸೇರಿ ಮೂವರು ಮಕ್ಕಳು ಬೆಳೆದದ್ದು ಇದರಲ್ಲೇ.

ನಮ್ಮ ದ್ವೀಪವನ್ನು ಹಿಂದಿನವರು ಹಿನ್ನೀರಿನ ನಡುವೆ ಕಲ್ಲು ಪೇರಿಸಿ ಕಟ್ಟಿದ್ದು. ಹೊರಗಿನ ಹವಳದ ದಿಬ್ಬ ಬೋಳಾಗುತ್ತ ಬಂದ ಹಾಗೆ ಅಲೆ ನೇರ ಮನೆಗೇ ಬಡಿಯತೊಡಗಿತು. ಒಂದು ದೊಡ್ಡ ಭರತಕ್ಕೆ ನಮ್ಮ ಅಡುಗೆಮನೆಯ ನೆಲವೇ ಕೊಚ್ಚಿಹೋಯಿತು. ಆಗ ಊರಿನ ಮುಖ್ಯಸ್ಥ ಫಿಯುಲಾಸಿ ಎಲ್ಲರನ್ನೂ ಕರೆದ. ಅವನು ಅತ್ತೆಯ ಮೈದುನ. ಕಬ್ಬಿಣದ ಚೌಕಟ್ಟಿಗೆ ಹವಳದ ತುಂಡು ಕಟ್ಟಿ ದಿಬ್ಬದ ಮೇಲೆ ಇಡೋಣ, ಬೆಳೆಯುತ್ತದೆ ಎಂದ.

"ಮುರಿದವರೇ ಮೊದಲು ಬರಲಿ. ಏನಂತೀರಿ ಅತ್ತಿಗೆ?"

ಜನ ನಕ್ಕರು.

"ನನ್ನ ಸುಣ್ಣ ಮುಟ್ಟದ ಬಾಯಿ ಇಲ್ಲಿ ಯಾವುದಿದೆಯೋ? ನಿನ್ನ ಹಲ್ಲೇ ಕೆಂಪಗಿದೆಯಲ್ಲ!" ಎಂದು ಅತ್ತೆ ಎದ್ದು ಮನೆಗೆ ಬಂದರು. ಬಂದವರು ಊಟ ಮಾಡಲಿಲ್ಲ. ಅವತ್ತಿನಿಂದ ಹವಳ ಮುರಿಯಲೂ ಹೋಗಲಿಲ್ಲ, ನೆಡಲೂ ಹೋಗಲಿಲ್ಲ. ಗೆಣಸು ಬೆಳೆದು ಮಾರಿದರು.

ನೆಡಲು ಶುರುಮಾಡಿದ ಮೂರನೆಯ ವರ್ಷ ಸಮುದ್ರದ ನೀರು ವಿಪರೀತ ಬಿಸಿಯಾಯಿತು. ನಾವು ಹೆಂಗಸರು ಕಟ್ಟಿ ಬೆಳೆಸಿದ್ದ ಹವಳವೆಲ್ಲ ಬೆಳ್ಳಗಾಯಿತು, ಆಮೇಲೆ ಸತ್ತು ಪಾಚಿ ಕಟ್ಟಿತು. ಫಿಯುಲಾಸಿ ಸಭೆ ಕರೆಯುವುದನ್ನೇ ಬಿಟ್ಟ. ಅತ್ತೆ ಒಮ್ಮೆ ಬಂದು ನೋಡಿದರು.

"ನಾನು ಮುರಿದದ್ದೂ ಹೋಯ್ತು, ನೀವು ನೆಟ್ಟದ್ದೂ ಹೋಯ್ತು," ಎಂದರು. ಮರುದಿನ ನನ್ನನ್ನು ದೋಣಿ ಹತ್ತಿಸಿಕೊಂಡರು.

ಕಾಂಡ್ಲಾ ಕಾಡಿನ ಹಿಂದೆ ಮೊಣಕಾಲುದ್ದದ ಒಂದು ಮಡು. ಮಧ್ಯಾಹ್ನದ ಇಳಿತ, ನೀರಿಗೆ ಕಾಲಿಟ್ಟರೆ ಚುರುಕ್ ಎನ್ನುತ್ತಿತ್ತು. ಅದರೊಳಗೆ ಮೋಟು ಮೋಟಾದ ಕಂದು ಹವಳ, ಒಂದೂ ಬಿಳಿಚಿಕೊಂಡಿರಲಿಲ್ಲ.

"ಇದು ನಿಮಗೆ ಗೊತ್ತಿತ್ತಾ, ಅತ್ತೆ?"

"ಮೊದಲಿಂದಲೂ ಗೊತ್ತು. ಗಟ್ಟಿ ಜಾತಿ ಇದು, ಬುಡ ಸಲಾಕೆಗೂ ಜಗ್ಗಲ್ಲ. ಯಾರು ಒದ್ದಾಡ್ತಾರೆ ಅಂತ ಬಿಟ್ಟಿದ್ದೆ."

"ಮೊದಲೇ ಹೇಳಬಾರದಿತ್ತಾ?"

"ಯಾರು ಕೇಳಿದ್ರು? ನನಗೂ ಹಟ ಇತ್ತು, ಬಿಡು."

ಅಲ್ಲಿಂದ ನೇರ ಫಿಯುಲಾಸಿಯ ಮನೆಗೆ ಹೋದೆವು. ಅಂಥ ಬಿಸಿನೀರಲ್ಲೂ ಹವಳ ಬದುಕಿದೆ ಎಂದರೆ ಅವನು ನಂಬಲಿಲ್ಲ, ತಾನೇ ಬಂದು ಮಡುವಿಗಿಳಿದ. ಕಾಲು ಸುಟ್ಟು ಕುಣಿದದ್ದು ನೋಡಿ ಅತ್ತೆ ಎಷ್ಟೋ ದಿನದ ಮೇಲೆ ನಕ್ಕರು. "ಎಲ್ಲಿ ಮುರೀಬೇಕು ಅಂತ ನೀವೇ ಹೇಳಿಕೊಡಿ ಅತ್ತಿಗೆ, ನಮಗೆ ತಿಳಿಯಲ್ಲ," ಎಂದ ಅವನು, ತಲೆ ತಗ್ಗಿಸಿ.

ಎಲ್ಲಿ ತಟ್ಟಿದರೆ ತುದಿ ಮಾತ್ರ ಕಳಚುತ್ತದೆ, ಬುಡ ಉಳಿಯುತ್ತದೆ ಎನ್ನುವುದು ಅತ್ತೆಯ ಕೈಗೆ ಗೊತ್ತಿತ್ತು. ಒಂದು ಗಿಡದಿಂದ ಒಂದೇ ತುದಿ. ಎರಡನೆಯದಕ್ಕೆ ಕೈ ಹಾಕಿದವಳಿಗೆ ಬೈಗುಳ. ಬೋಗುಣಿಗಳಲ್ಲಿ ನೀರು ತುಂಬಿ ತುಂಡುಗಳನ್ನು ಹೊರಗಿನ ದಿಬ್ಬಕ್ಕೆ ಒಯ್ದು ಕಟ್ಟಿದೆವು.

ಹೋದ ವರ್ಷ ಮತ್ತೆ ಸಮುದ್ರ ಕಾದಿತು. ಸುಮಾರು ಅರ್ಧ ಸತ್ತವು, ಅರ್ಧ ಉಳಿದವು. ಉಳಿದವುಗಳ ತುದಿಯನ್ನೇ ಈಗ ಕಟ್ಟುತ್ತಿದ್ದೇವೆ. ಅಲೆ ತಡೆಯುವಷ್ಟು ಎತ್ತರ ಇನ್ನೂ ಬಂದಿಲ್ಲ. ದೊಡ್ಡ ಭರತಕ್ಕೆ ಈಗಲೂ ಅಂಗಳಕ್ಕೆ ನೀರು ನುಗ್ಗುತ್ತದೆ. ಅತ್ತೆಗೆ ಮಂಡಿನೋವು, ನೀರಿಗಿಳಿಯುವುದಿಲ್ಲ. ದೋಣಿಯಲ್ಲೇ ಕುಳಿತು ಹುಟ್ಟಿನ ತುದಿಯಿಂದ "ಅದಲ್ಲ, ಪಕ್ಕದ್ದು," ಎಂದು ತೋರಿಸುತ್ತಾರೆ.