ದಕ್ಷಿಣದ ಹಿತ್ತಲಲ್ಲಿ ಎಡೆ

ನನ್ನ ಹೆಂಡತಿ ತೀರಿಕೊಂಡು ವರ್ಷ ತುಂಬುವ ವಾರದಲ್ಲೇ ಮಗಳ ಶಾಲೆಯಲ್ಲಿ ವಿರುದ್ಧ ಪದಗಳ ಪಾಠ ಶುರುವಾಯಿತು. ಅದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಆಮ್ಸ್ಟರ್‌ಡ್ಯಾಮ್ ಪಕ್ಕದ ಹೂಫ್‌ಡಾರ್ಪಿನ ಆ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ವಾರಕ್ಕೊಂದು ವಿಷಯ. ಹಿಂದಿನ ವಾರ ಕುಂಬಳಕಾಯಿ ಇತ್ತು.

ಇಲ್ಲಿ ಮಕ್ಕಳು ನಾಲ್ಕು ವರ್ಷ ತುಂಬಿದ ಕೂಡಲೇ ಶಾಲೆಗೆ ಹೋಗುತ್ತಾರೆ. ಮಗಳಿಗೆ ನಾಲ್ಕು ತುಂಬುವ ಮೊದಲೇ ಅವಳ ತಾಯಿ ಹೋದಳು. ಆಸ್ಪತ್ರೆಯಲ್ಲಿದ್ದಾಗ ಆಕೆ ಹೆಚ್ಚೇನೂ ಕೇಳಲಿಲ್ಲ. ಮಗುವನ್ನು ಮೊದಲ ದಿನ ಶಾಲೆಯ ಬಾಗಿಲಿನವರೆಗೆ ತಾನೇ ಬಿಟ್ಟು ಬರಬೇಕು ಎಂದಷ್ಟೇ ಹೇಳುತ್ತಿದ್ದಳು. ಅದು ಆಗಲಿಲ್ಲ. ನಾನು ಬಿಟ್ಟು ಬಂದೆ.

ಸೈಕಲ್ಲಿನ ಮುಂದಿನ ಸೀಟಿನಲ್ಲಿ ಕೂತು ಮಗಳು ದಾರಿಯುದ್ದಕ್ಕೂ ಜೋಡಿ ಹುಡುಕುತ್ತಿದ್ದಳು. ದೊಡ್ಡ ನಾಯಿ, ಸಣ್ಣ ನಾಯಿ. ಒದ್ದೆ ಎಲೆ, ಒಣ ಎಲೆ. ಈ ಊರು ಒಂದು ಕಾಲಕ್ಕೆ ಸರೋವರದ ತಳವಾಗಿತ್ತು. ನೀರು ಹೊರಹಾಕಿ ನೆಲ ಮಾಡಿದ್ದಾರೆ. ಅಂಚಿನ ಕಾಲುವೆಯಲ್ಲಿ ದೋಣಿ ಹೋದರೆ ನಮ್ಮ ತಲೆಗಿಂತ ಮೇಲೆ ಹೋಗುತ್ತದೆ. ನನಗೆ ಇದು ಒಗ್ಗುವುದಕ್ಕೆ ಬಹಳ ಸಮಯ ಹಿಡಿಯಿತು. ಮಗಳು ಅತ್ತ ಬೆರಳು ತೋರಿಸಿ, "ನೀರು ಮ್ಯಾಲ, ನಾವು ಕೆಳಗ. ಭಾಳ ಸರಳ," ಎಂದಳು.

ಆ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು, "ಅಪ್ಪಾ, ಸತ್ತದ್ದರ ವಿರುದ್ಧ ಏನು?"

"ಬದುಕಿರೂದು."

"ಟೇಬಲ್ ಬದುಕ್ಯದ?"

"ಇಲ್ಲ."

"ಹಂಗಾದ್ರ ಸತ್ತದ?"

"ಅದೂ ಇಲ್ಲ."

ಅವಳು ಟೇಬಲ್ಲನ್ನು ಸ್ವಲ್ಪ ಹೊತ್ತು ನೋಡಿದಳು. "ಅಮ್ಮನ ವಿರುದ್ಧ ನೀನು," ಎಂದು ತೀರ್ಮಾನ ಕೊಟ್ಟಳು. ನಾನು ಅನ್ನ ತಿನ್ನು ಎಂದೆ.

ಯೋಚಿಸಿದರೆ ತಪ್ಪೇನೂ ಹೇಳಿರಲಿಲ್ಲ. ನಮ್ಮದು ಮೊದಲಿಂದಲೂ ಉಲ್ಟಾ ಸಂಸಾರ. ಆಮ್ಸ್ಟರ್‌ಡ್ಯಾಮಿನ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ್ದು ಆಕೆಗೆ. ಬೆನ್ನು ಹತ್ತಿ ಬಂದವನು ನಾನು. ನಾನು ಡಿಪ್ಲೊಮಾ, ವಿಮಾನ ನಿಲ್ದಾಣದಲ್ಲಿ ಜನರ ಸೂಟ್‌ಕೇಸ್ ಎತ್ತಿ ಹಾಕುತ್ತೇನೆ. ಆಕೆ ಮಾತಾಡುತ್ತಿದ್ದಳು, ನಾನು ಕೇಳುತ್ತಿದ್ದೆ. ಈಗ ಆಕೆ ಇಲ್ಲ, ನಾನು ಇದ್ದೇನೆ.

ಮನೆ ಆರಿಸಿದವಳೂ ಆಕೆಯೇ. ಮನೆ ತೋರಿಸಿದ ಏಜೆಂಟ್, ಹಿತ್ತಲು ದಕ್ಷಿಣಕ್ಕಿದೆ ಎಂಬುದನ್ನು ಚಿನ್ನದ ಗಣಿ ಇದೆ ಎನ್ನುವಂತೆ ಹೇಳಿದ. ಇಲ್ಲಿ ಬಿಸಿಲು ಆ ಕಡೆಯಿಂದಲೇ ಬರಬೇಕು. ಅಂಥ ಮನೆಗೆ ಜನ ಹೆಚ್ಚು ಕೊಟ್ಟು ಬರುತ್ತಾರೆ. ಹುಬ್ಬಳ್ಳಿಯಲ್ಲಿ ಅತ್ತೆಗೆ ವಿಷಯ ಗೊತ್ತಾದಾಗ ಫೋನಿನಲ್ಲಿ ದೊಡ್ಡ ಜಗಳವಾಯಿತು.

"ದಕ್ಷಿಣಾ ಅಂದ್ರ ಯಮನ ದಿಕ್ಕs ನಮ್ಮವ್ವಾ. ಅತ್ತಾಗ ಮಾರಿ ಮಾಡಿ ಯಾರರ ಕುಂಡರ್ತಾರೇನು?"

"ಈ ಥಂಡ್ಯಾಗ ಯಮನೂ ಬಿಸಲಿಗೇ ಬಂದು ಕುಂಡರ್ತಾನ ಬಿಡಬೇ," ಎಂದಳು ನನ್ನ ಹೆಂಡತಿ.

ಆಕೆ ಹೋದ ಮೇಲೆ ಅತ್ತೆ ದಕ್ಷಿಣದ ಮಾತು ಎತ್ತಲಿಲ್ಲ. ವರ್ಷವಿಡೀ ಒಮ್ಮೆಯೂ ಇಲ್ಲ. ಅವರು ಎತ್ತಲಿಲ್ಲ ಎಂಬುದು ನಾವಿಬ್ಬರೂ ಫೋನ್ ಹಿಡಿದಾಗಲೆಲ್ಲ ನಡುವೆ ಕೂತಿರುತ್ತಿತ್ತು.

ವರ್ಷದ ಎಡೆಯನ್ನು ಶನಿವಾರ ಇಡುವುದೆಂದಾಯಿತು. ಆಕೆಗೆ ಸೇರುತ್ತಿದ್ದ ಅಡುಗೆಯನ್ನು ಬಾಳೆಲೆಯ ಮೇಲೆ ಬಡಿಸಿ ಹೊರಗಿಡಬೇಕು. ಕಾಗೆ ಬಂದು ಮುಟ್ಟಿದರೆ ಹೋದವರ ಮನಸ್ಸಿಗೆ ತೃಪ್ತಿಯಾಗಿದೆ ಎಂದರ್ಥ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ. ನಾನು ಇದನ್ನೆಲ್ಲ ನಂಬುವವನೋ ಅಲ್ಲವೋ ಎಂದು ಆವರೆಗೆ ಯಾರೂ ಕೇಳಿರಲಿಲ್ಲ. ಆಕೆಗೆ ಉಳಿದ ಆಸೆ ಯಾವುದೆಂದು ನನಗೆ ಗೊತ್ತಿತ್ತು. ಅದು ಇನ್ನೂ ಹಾಗೇ ಉಳಿದಿದೆಯೇ ಎಂಬುದಷ್ಟೇ ತಿಳಿಯಬೇಕಿತ್ತು. ಕಾಗೆಯನ್ನು ಬಿಟ್ಟರೆ ಬೇರೆ ಯಾರನ್ನೂ ಕೇಳುವ ಹಾಗಿರಲಿಲ್ಲ.

ಹೋಳಿಗೆ ಇರಲೇಬೇಕು ಎಂದರು ಅತ್ತೆ. ಇಂಡಿಯನ್ ಅಂಗಡಿಯ ಫ್ರೀಜರಿನಿಂದ ತಂದೆ. ಬಾಳೆಲೆಯೂ ಅಲ್ಲೇ ಸಿಕ್ಕಿತು, ಅದೂ ಫ್ರೀಜರಿನದೇ. ಅನ್ನ, ಸಾರು, ಬದನೆಕಾಯಿ ಪಲ್ಯ ನಾನು ಮಾಡಿದೆ. ಎಲ್ಲ ಬಡಿಸಿದ ಮೇಲೆ ಮಗಳು ಸೊಂಟದ ಮೇಲೆ ಕೈಯಿಟ್ಟು, "ಪಟಾಟ್ ಎಲ್ಲಿ?" ಎಂದಳು. ಕರಿದ ಆಲೂಗಡ್ಡೆಗೆ ಇಲ್ಲಿನ ಹೆಸರು ಅದು. "ಅಮ್ಮಗ ಹೋಳಿಗಿ ಸೇರೂದಿಲ್ಲ. ಅಮ್ಮಗ ಪಟಾಟ್ ಬೇಕು."

ಅದೂ ನಿಜ. ಮೂಲೆಯ ಅಂಗಡಿಯಿಂದ ಒಂದು ಪೊಟ್ಟಣ ತಂದು ಎಲೆಯ ತುದಿಗೆ ಸುರಿದೆ. ಅತ್ತೆ ವಿಡಿಯೊದಲ್ಲಿ ಎಲೆ ನೋಡಿದರು.

"ಅದರ ಮ್ಯಾಲ ಬೆಳ್ಳಗ ಏನ್ರಿ ಅದು?"

ಅದು ಮಯೊನೇಸ್, ಮೊಟ್ಟೆ ಹಾಕಿದ್ದು. "ಒಂದ ನಮೂನಿ ಮೊಸರು, ಅತ್ತಿ," ಎಂದೆ.

"ಇರಲಿ. ದಕ್ಷಿಣಾ ಯಾವ ಕಡಿ ಅದ ನೋಡಿ ಇಡ್ರಿ."

"ಹಿತ್ತಲs ದಕ್ಷಿಣಕ್ಕ ಅದ ಅಲ್ಲೇನ್ರಿ?"

"ಹೌದಲ್ಲ," ಎಂದರು ಅತ್ತೆ. "ಛಲೋ ಆತು ಹಂಗಾದ್ರ."

ಎಲೆಯನ್ನು ಹಿತ್ತಲ ಕಲ್ಲಿನ ಮೇಲಿಟ್ಟು, ಫೋನನ್ನು ಕಿಟಕಿಯ ಅಂಚಿಗೆ ಒರಗಿಸಿ, ಬಾಗಿಲಲ್ಲಿ ನಿಂತೆವು. ನಮ್ಮ ಬೀದಿಯಲ್ಲಿ ಕಾಗೆಗಳಿಗೆ ಬರವಿಲ್ಲ. ಕಸದ ಚೀಲ ಹೊರಗಿಟ್ಟರೆ ಮಾಲೀಕರ ಹಾಗೆ ಬಂದು ಹರಿಯುತ್ತವೆ. ಆವತ್ತು ಒಂದೂ ಇಲ್ಲ.

"ಕರೀರಿ ಅಳಿಯಂದ್ರ. ಕರೀದs ಹ್ಯಾಂಗ ಬರ್ತಾವ?"

ನಾನು ಕಾ ಕಾ ಎಂದೆ. ಮಗಳು ನನಗಿಂತ ಚೆನ್ನಾಗಿ ಕಾ ಕಾ ಎಂದಳು. ಬೇಲಿಯ ಆಚೆ ಗಿಡ ಕತ್ತರಿಸುತ್ತಿದ್ದ ಪಕ್ಕದ ಮನೆಯ ಮುದುಕ ತಲೆಯೆತ್ತಿ, "ಹೊಯ್" ಎಂದು ನಮಸ್ಕಾರ ಹೇಳಿದ. ನಾನೂ ಹೊಯ್ ಎಂದು ಮತ್ತೆ ಕಾ ಕಾ ಎಂದೆ. ಅವನು ಕತ್ತರಿ ತೆಗೆದುಕೊಂಡು ಒಳಗೆ ಹೋದ.

ಪಟಾಟ್ ಆರುತ್ತಿತ್ತು. ಅತ್ತೆಯ ದನಿ ತಗ್ಗಿತು. "ಅಕೀ ಮನಸಿನ್ಯಾಗ ಏನರ ಉಳಿದಿರಬೇಕು. ನಿಮಗ ಗೊತ್ತಿದ್ರ ಹೇಳಿಬಿಡ್ರಿ. ಬಾಯಿಬಿಟ್ಟು ಹೇಳಬೇಕು, ಅಂದ್ರ ಬರ್ತದ."

ಊರಲ್ಲಿ ಹಿರಿಯರು ಹಾಗೆ ಎಲೆಯ ಮುಂದೆ ಕೂತು ಮಾತು ಕೊಡುವುದನ್ನು ನೋಡಿದ್ದೇನೆ. ಮಗಳ ಮದುವೆ ಮಾಡುತ್ತೇವೆ, ಹೊಲ ಭಾಗ ಮಾಡುವುದಿಲ್ಲ, ಇತ್ಯಾದಿ. ನಾನು ಚಪ್ಪಲಿ ಬಿಟ್ಟು ಕಲ್ಲಿನ ಹತ್ತಿರ ಕೂತೆ. ಬಹಳ ದಿನಗಳಿಂದ ಆಕೆಯೊಡನೆ ಮಾತಾಡಿರಲಿಲ್ಲ. ಇದ್ದಾಗಲೂ ಮೊದಲು ಮಾತಾಡುತ್ತಿದ್ದವನು ನಾನಲ್ಲ.

"ಶಾಲಿಗೆ ಬಿಟ್ಟು ಬಂದೇನಿ," ಎಂದೆ. "ಬಾಗಲತನಾ ಹೋಗಿದ್ದೆ. ಅಳಲಿಲ್ಲ ಅಕಿ. ತಿರಗಿ ಸುದ್ದಾ ನೋಡಲಿಲ್ಲ. ದಿನಾ ನಾನs ಬಿಡತೇನಿ."

"ಪಾನಿಪುರಿ ನೀರಿನಂಥ ಹಸರು ಜಾಕೆಟ್ ಹಾಕ್ಕೊಂಡಿದ್ದೆ ಅಂತ ಹೇಳು," ಎಂದಳು ಮಗಳು ಹಿಂದಿನಿಂದ.

ಅದನ್ನೂ ಹೇಳಿದೆ.

ಎದ್ದು ಬಾಗಿಲಿಗೆ ಬರುವಷ್ಟರಲ್ಲಿ ಮೇಲಿನಿಂದ ಒಂದು ಹಕ್ಕಿ ಇಳಿಯಿತು. ಕಾಗೆಯಲ್ಲ. ಬೆಳ್ಳಗಿನ ದೊಡ್ಡ ಕಡಲಕ್ಕಿ, ಹಳದಿ ಕೊಕ್ಕು, ಸಿಟ್ಟಿನ ಕಣ್ಣು. ಸಮುದ್ರದ ದಂಡೆಯಲ್ಲಿ ಜನರ ಕೈಯಿಂದ ಪಟಾಟ್ ಕಿತ್ತುಕೊಳ್ಳುವ ಜಾತಿ. ಹೋಳಿಗೆಯನ್ನು ತುಳಿದುಕೊಂಡೇ ಎಲೆಯ ತುದಿಗೆ ಹೋಗಿ ತಿನ್ನತೊಡಗಿತು.

ಮಗಳು ಕುಣಿದಳು. "ಅಪ್ಪಾ! ಕಾಗೀ ವಿರುದ್ಧ ಬಂತು!"

ಅವಳ ಲೆಕ್ಕ ಸರಿಯಾಗಿತ್ತು: ಕಪ್ಪಿಗೆ ಬಿಳಿ. ಆದರೆ ಕಾಗೆ ಮುಟ್ಟಿದರೆ ತೃಪ್ತಿ ಎಂದಾದರೆ, ಕಾಗೆಯ ವಿರುದ್ಧ ಮುಟ್ಟಿದರೆ ಏನೆನ್ನಬೇಕು? ಓಡಿಸಲು ಕೈಯೆತ್ತಿದೆ. ಎತ್ತಿದ ಕೈ ಹಾಗೇ ನಿಂತಿತು.

"ಏನಾತ್ರಿ? ಮುಟ್ಟಿತೇನು? ನನಗ ಬರೇ ಆಕಾಶ ಕಾಣ್ತದ," ಎಂದು ಫೋನು ಕೂಗುತ್ತಿತ್ತು.

"ಮುಟ್ಟೇದ, ಅತ್ತಿ. ಆದ್ರ ಕಾಗಿ ಅಲ್ಲ. ಬ್ಯಾರೆ ಹಕ್ಕಿ. ಬಿಳೀದು."

ಅತ್ತೆ ಕಡಲಕ್ಕಿಯನ್ನು ಎಂದೂ ನೋಡಿದವರಲ್ಲ.

"ಮೊದಲ ಯಾವುದಕ್ಕ ಬಾಯಿ ಹಾಕ್ತು?" ಎಂದು ಕೇಳಿದರು.

"ಆಲೂಗಡ್ಡಿಗೆ."

"ಹೋಳಿಗಿ?"

"ಅದರ ಮ್ಯಾಲ ನಿಂತದ."

"ತೋರಸ್ರಿ ನನಗ."

ಫೋನನ್ನು ತಿರುಗಿಸಿ ಹಿಡಿದೆ. ಹಕ್ಕಿ ತಲೆಯನ್ನು ಹಿಂದಕ್ಕೆ ಚೆಲ್ಲಿ, ಅಗಿಯದೆ, ಒಂದರ ಮೇಲೊಂದು ನುಂಗುತ್ತಿತ್ತು. ಕೊಕ್ಕಿಗೆ ಮಯೊನೇಸ್ ಮೆತ್ತಿತ್ತು. ಅತ್ತೆ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಅಕೀನs ಬಂದಾಳ ಬಿಡ್ರಿ," ಎಂದರು. ಆಮೇಲೆ ನನಗಲ್ಲ, ಎಲೆಯ ಕಡೆಗೆ ಗದರಿದರು, "ಸಾವಕಾಶ ತಿನ್ನs ನಮ್ಮವ್ವಾ, ನೆತ್ತಿಗೆ ಏರ್ತದ."