ರಾಗಿಗುಡ್ಡದಲ್ಲೊಂದು ಹಿಮಾಲಯ ಪರೀಕ್ಷೆ

ಪ್ರಾಣಿಶಾಸ್ತ್ರದ ಮೇಷ್ಟ್ರಾಗಿ ನಿವೃತ್ತನಾದವನಿಗೆ ನೆಂಟರಲ್ಲಿ ಸಿಗುವ ಗೌರವವೇ ವಿಚಿತ್ರ. ಯಾರದೋ ಹಸು ಮೇವು ಬಿಟ್ಟರೂ ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಮನೆಗೆ ಫೋನು, ಯಾರದೋ ಮಗು ಊಟ ಬಿಟ್ಟರೂ ಫೋನು. ಕಪ್ಪೆ, ಜಿರಳೆ ಬಿಟ್ಟು ಬೇರೆ ಜೀವಿಯನ್ನು ನಾನು ಮುಟ್ಟಿದವನಲ್ಲ ಎಂದರೆ ಯಾರೂ ನಂಬುವುದಿಲ್ಲ.

ಮೊನ್ನೆ ಭದ್ರಾವತಿಯಿಂದ ಭಾವ ಫೋನು ಮಾಡಿದರು. ಅಕ್ಕನಿಗೆ ಗೆಳತಿಯರ ಜೊತೆ ಹಿಮಾಲಯ ಯಾತ್ರೆಗೆ ಹೋಗುವ ಆಸೆ. ನಿಧಾನವಾಗಿ ಹತ್ತಿದರೆ ಅಡ್ಡಿಯಿಲ್ಲವೆಂದು ಡಾಕ್ಟರೂ ಹೇಳಿದ್ದಾರೆ. ಒಪ್ಪದವರು ಭಾವ ಒಬ್ಬರೇ.

"ಮಹಡಿ ಮೆಟ್ಟಿಲು ಹತ್ತೋಕೇ ನಿಂತು ನಿಂತು ಬರ್ತಾಳೆ ಮಾರಾಯ. ನಿಮ್ಮೂರ ರಾಗಿಗುಡ್ಡ ಹತ್ತಿಸಿ ನೋಡೋಣ. ಎಲ್ಲೂ ನಿಲ್ಲದೆ ಹತ್ತಿದ್ರೆ ಹೋಗ್ಲಿ. ನೀನೇ ಜಡ್ಜು."

ರಾಗಿಗುಡ್ಡದಲ್ಲಿ ಹಿಮಾಲಯವನ್ನು ಅಳೆಯುವುದುಂಟೇ? ಆದರೆ ನಮ್ಮ ಮನೆತನದಲ್ಲಿ ಅಕ್ಕನ ಗಂಡನಿಗೆ ಎದುರಾಡುವ ಪದ್ಧತಿಯಿಲ್ಲ. ಹೂಂ ಎಂದೆ.

ಫೋನು ಇಟ್ಟ ಮೇಲೆ ಹಳೆಯ ಪಾಠ ನೆನಪಾಯಿತು. ಬಯಲಿನ ಹಸುವನ್ನು ಭಾರೀ ಎತ್ತರಕ್ಕೆ ಒಯ್ದರೆ ಅದರ ಮೈಯೊಳಗೆ ದೊಡ್ಡ ಗಲಾಟೆ. ಪ್ರಾಣವಾಯು ಸಾಲದೆಂದು ಮೂತ್ರಪಿಂಡ ಒಂದು ಹಾರ್ಮೋನನ್ನು ಕಳಿಸಿ, ಕೆಂಪುಕಣ ಮಾಡು, ಬೇಗ ಮಾಡು ಎಂದು ಮೂಳೆಮಜ್ಜೆಯನ್ನು ಅವಸರಿಸುತ್ತದೆ. ಗಾಬರಿಯ ಹಾರ್ಮೋನು ಬೇರೆ ಏರುತ್ತದೆ. ತಾಳಿಕೊಂಡರೆ ಎಷ್ಟೋ ಮಟ್ಟಿಗೆ ತಣ್ಣಗಾಗುತ್ತದೆ. ಅಲ್ಲೇ ಹುಟ್ಟಿದ ಯಾಕ್ ದನಕ್ಕೆ ಈ ರಗಳೆಯಿಲ್ಲ. ಮೆಲುಕು ಹಾಕುತ್ತ ನಿಂತಿರುತ್ತದೆ. ಎತ್ತರದಲ್ಲಿ ಸದ್ದು ಮಾಡುವವರು ಹೊಸಬರೇ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂದವರಿಗೆ ಹಾರ್ಮೋನು ಗೊತ್ತಿರಲಿಕ್ಕಿಲ್ಲ, ಮನುಷ್ಯರು ಗೊತ್ತಿದ್ದರು.

ಭಾನುವಾರ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಸೇರಿದೆವು. "ನಮ್ಮ ಭದ್ರಾವತಿ ನಿಮ್ಮ ಶಿವಮೊಗ್ಗಕ್ಕಿಂತ ಎತ್ತರ ಕಣಯ್ಯಾ! ನಂದು ಎತ್ತರದ ರಕ್ತ!" ಎಂದು ಭಾವ ದಾಪುಗಾಲಿಟ್ಟರು. ಮದುವೆಯ ದಿನದಿಂದಲೂ ಅವರು ಅಕ್ಕನಿಗಿಂತ ಮುಂದೆ ನಡೆದವರೇ. ಅವಳು ಬರುತ್ತಿದ್ದಾಳೆಯೇ ಎಂದು ತಿರುಗಿ ನೋಡಿದವರಲ್ಲ. ಜಡ್ಜು ಹಿಂದುಳಿಯಬಾರದೆಂದು ನಾನೂ ಓಡಿದೆ. ಅಕ್ಕ ತಿರುವು ತಿರುವಿಗೂ ನಿಂತಳು. ಮೇಯುತ್ತಿದ್ದ ಮೇಕೆಗಳನ್ನು ನೋಡಿದಳು, ಸೆರಗು ಸರಿಮಾಡಿಕೊಂಡಳು. ನಿಲ್ಲಬೇಡವೇ ಮಾರಾಯ್ತಿ ಎಂದು ನಾನು ಒಳಗೊಳಗೇ ಗೋಳಾಡಿದೆ. ಅವಳು ಹಿಮ ನೋಡಬೇಕೆಂದು ಅವಳಷ್ಟೇ ಆಸೆ ನನಗೂ ಇತ್ತು.

ಮೇಲೆ ಮುಟ್ಟಿದಾಗ ಭಾವನ ಮುಖ ಅವರು ದುಡಿದ ಉಕ್ಕಿನ ಕಾರ್ಖಾನೆಯ ಕುಲುಮೆಯ ಹಾಗೆ ಕೆಂಪಾಗಿತ್ತು. ನಾನೂ ಸಿಕ್ಕ ಬಂಡೆಯ ಮೇಲೆ ಕುಸಿದು ಕೂತೆ. ಬಹಳ ಹೊತ್ತಿನ ಮೇಲೆ ಅಕ್ಕ ಆರಾಮಾಗಿ ಬಂದು ಕೂತು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು.

"ನಿಂತಳು... ನೋಡಿದ್ಯಾ... ಫೇಲು," ಎಂದರು ಭಾವ, ಏದುಸಿರಿನಲ್ಲಿ.

ಪದ್ಧತಿ ಹಾಳಾಗಿ ಹೋಗಲಿ ಎಂದುಕೊಂಡೆ. "ಭಾವ, ಈ ಗುಡ್ಡ ಯಾವ ಹಾರ್ಮೋನಿಗೂ ಲೆಕ್ಕಕ್ಕಿಲ್ಲ. ಹಿಮಾಲಯದಲ್ಲಿ ಮೈ ಒಗ್ಗೋಕೆ ಟೈಮ್ ಬೇಕು. ನಿಂತು ನಿಂತು ಹೋಗೋರೇ ಪಾಸು. ಫೇಲಾಗಿದ್ದು ನಾವಿಬ್ರು."

ಭಾವ ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಅಷ್ಟು ದೂರದಲ್ಲಿ ಇವಳಿಗೇನಾದ್ರೂ ಆದ್ರೆ ನಾನೇನಯ್ಯಾ ಮಾಡ್ಲಿ?" ಎಂದರು. ಎಷ್ಟೋ ವರ್ಷದ ಮೇಲೆ ಭಾವ ನನಗೆ ತೀರಾ ಹತ್ತಿರದವರು ಅನ್ನಿಸಿತು.

ಅಕ್ಕ ನಕ್ಕಳು. "ಅಷ್ಟು ಭಯ ಇದ್ರೆ ನೀವೂ ಬನ್ನಿ. ಆದ್ರೆ ನನ್ನ ಹಿಂದೆ ನಡೀಬೇಕು, ಹೇಳಿದೀನಿ."

ಇಳಿಯುವಾಗ ಅಕ್ಕ ಮುಂದೆ, ಭಾವ ಹಿಂದೆ. ಅವಳು ನಿಂತಲ್ಲೆಲ್ಲ ಅವರೂ ನಿಂತರು, ಮೇಕೆಗಳನ್ನೂ ನೋಡಿದರು.