ನಮ್ಮ ಬೋರಿಂಗಿನ ಕೆಂಪು ಹುಡಿ

ಮಕ್ಕಳೇ, ಕೆಳಗಿನ ಪಂಪಿನ ಬೀಗದ ಕೈ ಯಾಕೆ ನಮ್ಮ ಮನೆಯಲ್ಲೇ ಇರುತ್ತದೆ, ಅಜ್ಜಿ ಯಾಕೆ ದಿನಾ ಬೆಳಿಗ್ಗೆ ಇಳಿದು ಹೋಗಿ ನಲ್ಲಿ ನೀರನ್ನು ನಾಲಿಗೆಗೆ ಹಚ್ಚಿ ಉಗುಳುತ್ತಾಳೆ ಎಂದು ಕೇಳಿದ್ದಿರಿ. ಬಾಯಲ್ಲಿ ಹೇಳಲು ಹೋದರೆ ನಾನು ಅರ್ಧಕ್ಕೇ ನಿಲ್ಲಿಸುತ್ತೇನೆ, ಅದು ನಿಮಗೂ ಗೊತ್ತು. ಅದಕ್ಕೆ ಬರೆಯುತ್ತಿದ್ದೇನೆ. ಓದಲು ಕಷ್ಟವಾದ ಕಡೆ ಅಪ್ಪನಿಂದ ಓದಿಸಿಕೊಳ್ಳಿ.

ಈ ಮುಂಬೈಯ ಮಲಾಡಿನ ನಮ್ಮ ಬಿಲ್ಡಿಂಗಿನ ಹಿಂದೆ ಖಾಡಿ ಇದೆಯಲ್ಲ, ಸಮುದ್ರದ ನೀರು ಒಳಗೆ ನುಗ್ಗಿ ಬರುವ ಆ ಕೆಸರಿನ ಜಾಗ, ಅದರ ಆಚೆ ಈಚೆ ಎಲ್ಲ ಬಿಲ್ಡಿಂಗುಗಳಿಗೂ ನೀರಿನ ತೊಂದರೆ. ಮುನಿಸಿಪಾಲಿಟಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಬರುತ್ತಿತ್ತು. ಉಳಿದದ್ದಕ್ಕೆ ಟ್ಯಾಂಕರ್. ನೀವು ತೀರ ಸಣ್ಣವರಿದ್ದಾಗ ಒಂದು ಬೇಸಿಗೆಯಲ್ಲಿ ಟ್ಯಾಂಕರಿನವನೂ ಹೇಳಿದ ದಿನ ಬರುವುದನ್ನು ಬಿಟ್ಟ. ನಿಮ್ಮ ಅಮ್ಮ ಆಫೀಸಿಗೆ ಹೊರಡುವ ಮೊದಲು ಬಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಒಂದು ದಿನ ನಿಮ್ಮ ಅಪ್ಪ ಊಟಕ್ಕೆ ಕುಳಿತವನು ಹೇಳಿದ: "ಅಮ್ಮ, ಬಿಲ್ಡಿಂಗಿನ ಸೊಸೈಟಿಯವರು ಬೋರಿಂಗ್ ಹೊಡೆಸ್ತಾರಂತೆ. ಸಕ್ಸೆಸ್ ಆದ್ರೆ ಇರುವ. ಇಲ್ಲಾಂದ್ರೆ ಮನೆ ಮಾರಿ ದೂರದ ವಿರಾರಿಗೆ ಹೋಗುವ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ನಾನು ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನನಗೆ ಇದ್ದ ಧೈರ್ಯವೆಲ್ಲ ಈ ಬಿಲ್ಡಿಂಗಿನದು. ಇಲ್ಲಿ ತರಕಾರಿಯವಳಿಗೆ ನಾನು ಬಾಯಿ ಬಿಡುವ ಮೊದಲೇ ಬಸಳೆ ಬೇಕೆಂದು ಗೊತ್ತು. ಪಕ್ಕದ ಮನೆಯವರು ನನ್ನ ಹಿಂದಿಗೆ ನಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಹೊಸ ಜಾಗಕ್ಕೆ ಹೋದರೆ ಎಲ್ಲರೊಡನೆ ಮೊದಲಿನಿಂದ ಮಾತು ಶುರು ಮಾಡಬೇಕು. ಅದು ನನ್ನಿಂದ ಆಗದು ಎಂದು ಯಾರಿಗೂ ಹೇಳಲಿಲ್ಲ. ಬೋರಿಂಗಿನಲ್ಲಿ, ಆ ಕೊಳವೆಬಾವಿಯಲ್ಲಿ, ನೀರು ಬರಲಿ ಎಂದು ದೇವರಿಗೆ ಮಾತ್ರ ಹೇಳಿದೆ.

ಬೋರಿಂಗ್ ಹೊಡೆಯುವವನನ್ನು ಗೊತ್ತು ಮಾಡಿಕೊಟ್ಟದ್ದು ನನ್ನ ಮೈದುನ, ಸಯನ್‌ನಲ್ಲಿ ಹೋಟೆಲಿದ್ದ ನಿಮ್ಮ ಚಿಕ್ಕಜ್ಜ. ಹೋಟೆಲಿನ ಹಿಂದಿನ ಬೋರಿಂಗ್ ಹೊಡೆದದ್ದೂ ಆ ಬೋರಿಂಗಿನವನೇ ಅಂತೆ. ಗದಗದ ಕಡೆಯವನು, ಕನ್ನಡದವನು. ಅಷ್ಟು ಕೇಳಿದ್ದೇ ನಮ್ಮ ಸೊಸೈಟಿಯ ಸೆಕ್ರೆಟರಿ, "ಆಂಟಿ, ಆಪ್ ಕಾ ಆದ್ಮಿ, ಆಪ್ ದೇಖೋ" ಎಂದು, ನಿಮ್ಮವನನ್ನು ನೀವೇ ನೋಡಿಕೊಳ್ಳಿ ಎಂದುಬಿಟ್ಟರು. ಹಗಲು ಮನೆಯಲ್ಲಿರುವವಳೂ ನಾನೇ. ಹಾಗೆ ಎಲ್ಲಿ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಅವನಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಜಾಗ ತೋರಿಸಲು ಮೈದುನ ಲೋಕಲ್ ಟ್ರೈನ್ ಹಿಡಿದು ತೆಂಗಿನಕಾಯಿ ತಂದ. ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು ಕಾಂಪೌಂಡ್ ಇಡೀ ಸುತ್ತಿದ. ಹಿಂದಿನ ಗೋಡೆಯ ಹತ್ತಿರ ಕಾಯಿ ಎದ್ದು ನಿಂತಿತು.

"ಅತ್ತಿಗೆ, ನೋಡಿ, ನೋಡಿ! ಇಲ್ಲೇ ಉಂಟು ನೀರು!"

ಸೆಕ್ರೆಟರಿ ನಕ್ಕು, "ಶೇಟ್, ಪಾನಿ ತೋ ಹೈ. ಗಟರ್ ಕಾ ಹೈ," ಎಂದರು. ಅವನು ನಿಂತದ್ದು ಚರಂಡಿಯ ಮುಚ್ಚಳದ ಮೇಲೆ.

ಆಮೇಲೆ ಸೊಸೈಟಿಯವರು ಭೂಮಿಯೊಳಗಿನ ನೀರಿನ ವಿಷಯ ಓದಿದ ಒಬ್ಬ ಮರಾಠಿ ಹುಡುಗಿಯನ್ನು ಕರೆಸಿದರು. ಅವಳು ನೆಲಕ್ಕೆ ಕಬ್ಬಿಣದ ಗೂಟ ಹೊಡೆದು, ವಯರು ಎಳೆದು, ಒಂದು ಪೆಟ್ಟಿಗೆಯಲ್ಲಿ ನೋಡಿ ಜಾಗಕ್ಕೆ ಗುರುತು ಹಾಕಿದಳು. ಕೆಲಸ ಮುಗಿದ ಮೇಲೆ ನಮ್ಮ ಮನೆಗೆ ಚಹಾಕ್ಕೆ ಬಂದಳು. ನಾನು ದೋಸೆ ಹೊಯ್ಯುತ್ತಿದ್ದೆ. ಅವಳು ತಟ್ಟೆಯಲ್ಲಿ ಒಂದರ ಮೇಲೊಂದಿದ್ದ ದೋಸೆಗಳನ್ನೇ ತೋರಿಸಿ ಹೇಳಿದಳು: ಮುಂಬೈ ಕೆಳಗಿನ ಕರಿ ಬಂಡೆ ಹೀಗೆಯೇ ಆದದ್ದು. ಬಹಳ ಹಿಂದೆ ಭೂಮಿ ಒಡೆದು ಬೆಂಕಿಯ ರಸ ಹರಿಯಿತು, ಆರಿತು, ಅದರ ಮೇಲೆ ಮತ್ತೆ ಹರಿಯಿತು. ಗಟ್ಟಿ ಬಂಡೆಯ ಹೊಟ್ಟೆಯಲ್ಲಿ ನೀರಿಲ್ಲ. ಬಿರುಕು ಇದ್ದಲ್ಲಿ, ಒಂದು ಪದರ ಮುಗಿದು ಇನ್ನೊಂದು ಶುರುವಾಗುವಲ್ಲಿ ಇದ್ದರೆ ಉಂಟು. ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ಇನ್ನೊಂದು ಮಾತು ಹೇಳಿದಳು. "ಆಜಿ, ಹಿಂದೆಯೇ ಖಾಡಿ ಇದೆ. ಒಳ್ಳೆಯ ನೀರು ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಿ. ಇನ್ನೂ ಇಳಿದರೆ ಉಪ್ಪು ಬರಬಹುದು."

ಬೋರಿಂಗ್ ಮಿಶನಿನ ಲಾರಿ ಬಂದ ದಿನ ಗೇಟಿನೊಳಗೆ ಅದನ್ನು ತರಲು ಸ್ಕೂಟರುಗಳನ್ನೆಲ್ಲ ರಸ್ತೆಗೆ ಸಾಗಿಸಬೇಕಾಯಿತು. ನಾನು ಪೂಜೆ ಮಾಡಿದೆ. ಮೈದುನನೂ ಬಂದಿದ್ದ. ಮಿಶನ್ ಶುರುವಾದರೆ ಕಿವಿ ಮುಚ್ಚಿಕೊಳ್ಳಬೇಕು. ಮೊದಲು ತುಂಬಿಸಿದ ಮಣ್ಣು, ಇಟ್ಟಿಗೆ ಚೂರು, ಆಮೇಲೆ ಹಳದಿ ಮೊರಂ, ಅಂದರೆ ಗರಸು ಮಣ್ಣು. ಅಷ್ಟರವರೆಗೆ ಪಕ್ಕದ ಕೆಸರು ಒಳಗೆ ಬೀಳದ ಹಾಗೆ ದಪ್ಪ ಪೈಪ್ ಇಳಿಸಿದರು. ಮತ್ತೆ ಬರೀ ಬೂದಿ ಬಣ್ಣದ ಧೂಳು. ಗಿಡ, ಕಿಟಕಿ, ಒಣಗಲು ಹಾಕಿದ ಬಟ್ಟೆ ಎಲ್ಲ ಬೂದಿ.

ಇದ್ದಕ್ಕಿದ್ದಂತೆ ಧೂಳು ಕೆಂಪಾಯಿತು.

ನಮ್ಮ ಊರಿನಲ್ಲಿ, ಉಡುಪಿ ಕಡೆ, ಬಾವಿ ತೋಡುವುದು ಮುರಕಲ್ಲಿನಲ್ಲಿ. ಆ ಕೆಂಪು ಕಲ್ಲನ್ನು ಕಡಿಯುತ್ತ ಹೋದರೆ ಅದು ಮೆತ್ತಗಾಗುತ್ತದೆ, ಕೈಗೆ ತಣ್ಣಗೆ ತಾಗುತ್ತದೆ, ಅಲ್ಲಿ ನೀರು ಜಿನುಗುತ್ತದೆ. ಜಿನುಗಿದ ಕೂಡಲೇ ತೋಡಿದವರಿಗೆ ಅವಲಕ್ಕಿ-ಬೆಲ್ಲ ಕೊಡುವುದು ನಮ್ಮ ಮನೆಯ ಪದ್ಧತಿ. ನನ್ನ ಅಪ್ಪನ ಬಾವಿಗೆ ನಾನೇ ಹಂಚಿದ್ದೆ. ಆ ಕೆಂಪು ಹುಡಿಯನ್ನು ಮುಷ್ಟಿಯಲ್ಲಿ ಹಿಡಿದಾಗ ನನಗೆ ಬೇರೇನೂ ಹೊಳೆಯಲಿಲ್ಲ. ಮೇಲೆ ಓಡಿದೆ. ಅವಲಕ್ಕಿಗೆ ಬೆಲ್ಲ, ಕಾಯಿತುರಿ ಕಲಸಿದೆ. ಇಳಿಯುತ್ತ ಒಂದೊಂದು ಬಾಗಿಲಿಗೂ "ಪಾನಿ ಆಯಾ, ಪಾನಿ ಆಯಾ" ಎಂದೆ. ಅಷ್ಟು ದೊಡ್ಡ ಸ್ವರ ನನಗುಂಟೆಂದು ನನಗೇ ಗೊತ್ತಿರಲಿಲ್ಲ.

ಹೆಂಗಸರೆಲ್ಲ ಇಳಿದು ಬಂದರು. ನೀರಿರಲಿಲ್ಲ. ಒಣ ಕೆಂಪು ಧೂಳು ಇನ್ನೂ ಹಾರುತ್ತಿತ್ತು.

ಗದಗದವನು ಮಿಶನ್ ನಿಲ್ಲಿಸಿ ಬಂದ. "ಅವ್ವಾರ, ಇದು ನಿಮ್ಮ ಕಡೀ ಕಲ್ಲಲ್ಲರೀ. ಎರಡು ಬಂಡಿಗಲ್ಲಿನ ನಡುವಿನ ಮಣ್ಣು. ಮ್ಯಾಲೆ ಬೆಂಕಿ ಹರದು ಇಟ್ಟಂಗಿ ಸುಟ್ಟಂಗ ಸುಟ್ಟೈತಿ. ಇದು ನೀರು ಕೊಡೂದಿಲ್ರೀ."

ನಾನು ತಟ್ಟೆ ಹಿಡಿದು ನಿಂತಿದ್ದೆ. ಮೈದುನ ಬಿಡುವವನೇ? "ನನ್ನ ಕಾಯಿ ಗಟರಾದ್ರೂ ತೋರ್ಸಿತ್ತು ಮಾರಾಯ್ರೆ!"

"ಇರ್ಲಿ ಕೊಡ್ರಿ ಅವ್ವಾರ," ಎಂದು ಗದಗದವನು ಕೈ ಒರೆಸಿಕೊಂಡು ಚಾಚಿದ. "ಅವಲಕ್ಕಿ ತಿನ್ನಾಕ ನೀರು ಯಾಕ ಬೇಕು?"

ಎಲ್ಲರೂ ನಕ್ಕರು, ತಿಂದರು, ಮೇಲೆ ಹೋದರು. ನನಗೂ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು. ಆದರೆ ಅವನು ಏನಾದರೂ ಕೇಳಿದರೆ ಹೇಳುವವರು ಯಾರು? ಮೆಟ್ಟಿಲ ಮೇಲೆ ಕುಳಿತೆ.

ಊಟದ ಹೊತ್ತು ಕಳೆದ ಮೇಲೆ ಧೂಳು ಒದ್ದೆಯಾಯಿತು. ಕರಿ ಕಲ್ಲಿನ ಚೂರುಗಳು ಬಂದವು, ಹುಳ ಕೊರೆದ ಹಾಗೆ ತೂತು ತೂತು. ಕೆಂಪು ಮಣ್ಣಿನ ಅಡಿಯಲ್ಲಿ ಇನ್ನೊಂದು ದೋಸೆ ಶುರುವಾಗಿತ್ತು. ಆಮೇಲೆ ನೀರು. ಮೊದಲು ಕೆಸರು, ಮತ್ತೆ ತಿಳಿ. ಬಹಳ ಜೋರಿನದಲ್ಲ, ಆದರೆ ನಿಲ್ಲದೆ ಬರುತ್ತಿತ್ತು. ಕೈಯಲ್ಲಿ ಹಿಡಿದು ನಾಲಿಗೆಗೆ ಹಚ್ಚಿದೆ. ಸುಣ್ಣದ ರುಚಿ. ಉಪ್ಪಿರಲಿಲ್ಲ.

ಸೆಕ್ರೆಟರಿ ಓಡಿ ಬಂದು, "ಔರ್ ನೀಚೆ ಜಾವೋ! ಔರ್ ಪಾನಿ ಮಿಲೇಗಾ!" ಎಂದು ಇನ್ನೂ ಕೆಳಗೆ ಕೊರೆಯಲು ಹೇಳಿದರು. ಬಾಲ್ಕನಿಗಳಿಂದಲೂ ಅದೇ ಮಾತು. ಗದಗದವನು ನನ್ನ ಮುಖ ನೋಡಿದ. ನಾನು "ಬಸ್" ಎಂದೆ. ಆ ಗದ್ದಲದಲ್ಲಿ ಅದು ನನಗೇ ಕೇಳಲಿಲ್ಲ. ಬೆಳಿಗ್ಗೆ ಇಡೀ ಬಿಲ್ಡಿಂಗಿಗೆ ಕೂಗಿ ಹೇಳಿದ್ದು ತಪ್ಪಾಗಿತ್ತು. ಈಗ ಯಾವ ಮುಖದಲ್ಲಿ ಕೂಗಲಿ? ಇನ್ನೂ ಕೆಳಗೆ ಕೊರೆಯಲು ಮುಂದೆ ಜೋಡಿಸಬೇಕಾದ ಪೈಪ್ ನೆಲದ ಮೇಲಿತ್ತು. ಹೋಗಿ ಅದರ ಮೇಲೆ ಕುಳಿತುಬಿಟ್ಟೆ.

"ಆಂಟಿ, ಸುಬಹ್ ಭೀ ಆಪ್ ಹೀ ಬೋಲಾ ಥಾ, ಪಾನಿ ಆಯಾ!" ಬೆಳಿಗ್ಗೆ ನೀರು ಬಂತೆಂದವಳೂ ನಾನೇ ಎಂದು ಸೆಕ್ರೆಟರಿ ನೆನಪಿಸಿದರು.

"ಸುಬಹ್ ಗಲತ್," ಎಂದು ತಪ್ಪು ಒಪ್ಪಿಕೊಂಡೆ. "ಅಭೀ ನಹೀಂ. ನೀಚೆ ಖಾರಾ." ಕೆಳಗೆ ಉಪ್ಪು ನೀರು ಬರಬಹುದೆಂದು ಆ ಹುಡುಗಿ ಹೇಳಿದ್ದನ್ನು ತಿಳಿಸಿದೆ. ಸೆಕ್ರೆಟರಿ ಗದಗದವನ ಕಡೆ ತಿರುಗಿದರು. ಅವನು ಕನ್ನಡದಲ್ಲೇ, "ಅವ್ವಾರು ಕುಂತಾರ್ರಿ. ನಾ ಹ್ಯಾಂಗ ಎತ್ಲಿ?" ಎಂದು ಮಿಶನ್ ಬಂದ್ ಮಾಡಿದ. ಸೆಕ್ರೆಟರಿ ಆ ಹುಡುಗಿಗೇ ಫೋನ್ ಮಾಡಿದರು. ಅವಳೂ ನಿಲ್ಲಿಸಿ ಎಂದಳು.

ಇನ್ನೂ ಕೆಳಗೆ ಏನಿತ್ತೋ ನನಗೆ ಗೊತ್ತಿಲ್ಲ. ಸೆಕ್ರೆಟರಿ ಇವತ್ತಿಗೂ ಬಹಳ ನೀರಿತ್ತು ಅನ್ನುತ್ತಾರೆ, ಇರಬಹುದು. ಸಿಕ್ಕಿದ ನೀರು ಕುಡಿಯಲು ಅಲ್ಲ, ಆದರೆ ಬಟ್ಟೆಗೆ, ಪಾತ್ರೆಗೆ, ಸಂಡಾಸಿಗೆ ಸಾಕಾಗುತ್ತದೆ. ಟ್ಯಾಂಕರ್ ಅಪರೂಪವಾಯಿತು. ಆ ದೀಪಾವಳಿಗೆ ನಿಮ್ಮ ಅಪ್ಪ ಮನೆಗೆ ಹೊಸ ಬಣ್ಣ ಹೊಡೆಸಿದ. ವಿರಾರಿನ ಮಾತು ಅಲ್ಲಿಗೆ ನಿಂತಿತು.

ಕಡು ಬೇಸಿಗೆಯಲ್ಲಿ ಪಂಪನ್ನು ಹೆಚ್ಚು ಹೊತ್ತು ಬಿಟ್ಟರೆ ನೀರಿನ ರುಚಿ ಬದಲಾಗುತ್ತದೆ. ಖಾಡಿಯ ಉಪ್ಪು ನೀರು ಒಳಗೆ ಬರುತ್ತದೆ ಎಂದರ್ಥ. ಆಗ ನಿಲ್ಲಿಸಿ, ಅದಕ್ಕೆ ಬಿಡುವು ಕೊಡಬೇಕು. ಅದಕ್ಕೇ ಬೀಗದ ಕೈ ನನ್ನ ಹತ್ತಿರ. ನನಗೆ ಮೊಣಕಾಲು ನೋವು ಶುರುವಾಗಿದೆ. ನಾಳೆಯಿಂದ ನಿಮ್ಮಲ್ಲಿ ಒಬ್ಬರು ನನ್ನ ಜೊತೆ ಇಳಿಯಿರಿ. ನಾಲಿಗೆಯ ತುದಿಗೆ ಹಚ್ಚಿದರೆ ಸಾಕು, ನುಂಗಬೇಡಿ.